ತೇಗು ಬಾರದ ಹೊಟ್ಟೆ

ನನ್ನ ತೇಗಿನ ಬಗ್ಗೆ ಬರೆಯಲು ನನಗೆ ನಾಚಿಕೆಯಿಲ್ಲ. ನಾಚಬೇಕಾದ ವಯಸ್ಸಿನಲ್ಲೇ ನಾಚಲಿಲ್ಲ, ಇನ್ನು ಈಗ ಯಾರಿಗೆ ಹೆದರಲಿ? ಚಾಮರಾಜಪೇಟೆಯ ಒಂದು ಮಿಡ್ಲ್ ಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಲೆಕ್ಕ ಹೇಳಿಕೊಟ್ಟವಳು ನಾನು. ಅದರಲ್ಲಿ ಮೊದಲ ಎಂಟು ವರ್ಷ ಮಕ್ಕಳು ಬೆನ್ನ ಹಿಂದೆ ನನ್ನನ್ನು ಕರೆಯುತ್ತಿದ್ದುದು ‘ತೇಗು ಮಿಸ್’ ಎಂದು. ಬೋರ್ಡಿನ ಮೇಲೆ ಭಿನ್ನರಾಶಿ ಬರೆಯುತ್ತಿದ್ದ ಹಾಗೇ ಒಂದು ತೇಗು ಬರುತ್ತಿತ್ತು. ಅದರ ಬೆನ್ನಿಗೇ ಹುಳಿನೀರು ಗಂಟಲವರೆಗೆ ನುಗ್ಗಿ ಸುಡುತ್ತಿತ್ತು. ಕೊನೆಯ ಬೆಂಚಿನಿಂದ ಯಾರೋ ಅದೇ ಶಬ್ದವನ್ನು ಅಣಕಿಸುತ್ತಿದ್ದರು. ನಾನು ತಿರುಗಿ ನೋಡದೆಯೇ ಚಾಕ್‌ಪೀಸ್ ಎಸೆಯುತ್ತಿದ್ದೆ. ಗುರಿ ಚೆನ್ನಾಗಿಯೇ ಇತ್ತು.

ನಮ್ಮ ಮನೆಯವರ ಪ್ರಕಾರ ಅದು ಕಾಯಿಲೆಯೇ ಅಲ್ಲ, ಬರೀ ಪಿತ್ತ. ಅಪ್ಪ ಅಮ್ಮ ಹೋದ ಮೇಲೆ ನನಗೂ ನನ್ನ ತಮ್ಮನಿಗೂ ಉಳಿದ ಹಿರಿಯರೆಂದರೆ ಮಲ್ಲೇಶ್ವರದಲ್ಲಿದ್ದ ಸೋದರತ್ತೆ ಒಬ್ಬರೇ. ಅವರ ಬಳಿ ಎಲ್ಲದಕ್ಕೂ ಮದ್ದಿತ್ತು. ಜೀರಿಗೆ ಕಷಾಯ, ಓಮದ ನೀರು, ನೆಲ್ಲಿಚಟ್ಟು, ತಣ್ಣನೆಯ ಹಾಲು, ಯಾವುದೂ ಆಗದಿದ್ದರೆ ಬೈಗುಳ. “ಊಟ ಬಲ್ಲವನಿಗೆ ರೋಗವಿಲ್ಲ ಕಣೇ. ನೀನು ಸ್ಕೂಲಿನ ಗಡಿಬಿಡೀಲಿ ನಿಂತ್ಕೊಂಡು ತಿಂತೀಯ, ಅದಕ್ಕೇ ಇದು” ಅನ್ನುತ್ತಿದ್ದರು. “ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾನೂ ಇದೆಯಲ್ಲ ಅತ್ತೆ, ಅದು ನಮ್ಮಿಬ್ಬರಿಗೂ ಬರಲೇ ಇಲ್ಲ ನೋಡಿ” ಅನ್ನುತ್ತಿದ್ದೆ ನಾನು. ಅವರು ಮೂಗು ಮುರಿದು ಇನ್ನೊಂದು ಲೋಟ ಕಷಾಯ ಕೊಡುತ್ತಿದ್ದರು.

ಆ ಎಂಟು ವರ್ಷ ನಾನು ಮಲಗಿದ್ದು ನಾಲ್ಕು ದಿಂಬಿಗೆ ಒರಗಿಕೊಂಡು. ಚಪ್ಪಟೆ ಮಲಗಿದರೆ ಹುಳಿ ಮೇಲೆ ಬಂದು ಕೆಮ್ಮು ಹತ್ತುತ್ತಿತ್ತು. ಬೆಳಗ್ಗೆ ಎದ್ದರೆ ದನಿ ಒಡೆದು ಹೋಗಿರುತ್ತಿತ್ತು. ಮೇಷ್ಟರಿಗೆ ದನಿ ಇಲ್ಲದಿದ್ದರೆ ಇನ್ನೇನಿದೆ? ಬಗ್ಗಿ ರಂಗೋಲಿ ಹಾಕಲು ಆಗುತ್ತಿರಲಿಲ್ಲ. ಕಾಫಿ ಬಿಟ್ಟೆ, ಒಗ್ಗರಣೆ ಬಿಟ್ಟೆ, ಹುಣಸೆಹುಳಿ ಬಿಟ್ಟೆ. ಬೆಂಗಳೂರಿನಲ್ಲಿ ಹುಟ್ಟಿ ಇವನ್ನೆಲ್ಲ ಬಿಟ್ಟವಳಿಗೆ ತಿನ್ನಲು ಏನು ಉಳಿಯುತ್ತದೆ ನೀವೇ ಹೇಳಿ. ಡಾಕ್ಟರು ಕೊಟ್ಟ ಮಾತ್ರೆ ನುಂಗುವವರೆಗೆ ಸರಿ, ನಿಲ್ಲಿಸಿದ ಮೂರನೇ ದಿನ ಮತ್ತೆ ಅದೇ ಕಥೆ. ಕೊನೆಗೆ ಅವರೇ ನನ್ನನ್ನು ಒಬ್ಬ ಸರ್ಜನ್ ಹತ್ತಿರ ಕಳಿಸಿದರು. ತೊಂಬತ್ತರ ದಶಕದ ನಡುವಿನ ಮಾತು. ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ, ಐದು ಸಣ್ಣ ತೂತು ಮಾಡಿ, ಟೀವಿ ನೋಡಿಕೊಂಡು ಆಪರೇಷನ್ ಮಾಡುವುದು ನಮ್ಮ ಊರಿಗೆ ಆಗಿನ್ನೂ ಹೊಸದು.

ಸರ್ಜನ್ ಕಡಿಮೆ ಮಾತಿನ ಮನುಷ್ಯ. ಅನ್ನನಾಳ ಹೊಟ್ಟೆಗೆ ಸೇರುವ ಕಡೆ ಬಾಗಿಲು ಸಡಿಲವಾಗಿದೆ, ಹೊಟ್ಟೆಯ ಮೇಲಿನ ಭಾಗವನ್ನೇ ತಂದು ಅದರ ಸುತ್ತ ಸುತ್ತಿ ಹೊಲಿಯುತ್ತೇವೆ ಅಂದರು. ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿದ ಹಾಗೆ ಎಂದು ನಾನು ಅರ್ಥಮಾಡಿಕೊಂಡೆ.

“ಇದು ಹೊಸ ಹೊಟ್ಟೆ ಅಲ್ಲಮ್ಮ, ಇರೋ ಹೊಟ್ಟೆಗೆ ಒಂದು ಕಟ್ಟು” ಅಂದರು. “ಎಷ್ಟು ವರ್ಷ ಬಿಗಿಯಾಗಿರುತ್ತೆ ಅಂತ ಬರೆದುಕೊಡೋಕೆ ನನ್ನ ಕೈಲಿ ಆಗಲ್ಲ. ತೇಗು ಬರದೇ ಇರಬಹುದು. ವಾಂತಿ ಮಾಡೋಕೆ ಆಗದೇ ಇರಬಹುದು.”

“ಚಪ್ಪಟೆ ಮಲಗಬಹುದಾ?” ಅಂದೆ.

“ಮಲಗಬಹುದು.”

“ಹಾಗಾದ್ರೆ ಕಟ್ಟಿಬಿಡಿ.”

ಫಾರಂಗೆ ಸಹಿ ಹಾಕಿದವನು ನನ್ನ ತಮ್ಮ. ಬ್ಯಾಂಕಿನಲ್ಲಿ ಗುಮಾಸ್ತ. ಅವನು, ಅವನ ಹೆಂಡತಿ ಮಹಡಿಯ ಮೇಲೆ, ನಾನು ಕೆಳಗೆ. ಅವನಿಗೂ ಎದೆಯುರಿ ಇತ್ತು, ನಮ್ಮ ಅಪ್ಪನ ಕಡೆಯ ಆಸ್ತಿ ಅದೊಂದೇ. ಜೇಬಿನಲ್ಲಿ ಯಾವಾಗಲೂ ಜಗಿಯುವ ಗುಲಾಬಿ ಮಾತ್ರೆ. ಆ ಸಹಿ ಎಷ್ಟು ಸೊಟ್ಟಗೆ ಬಂತೆಂದರೆ ಅವನ ಬ್ಯಾಂಕಿನವರೇ ನೋಡಿದ್ದರೆ ಚೆಕ್ ವಾಪಸ್ ಮಾಡುತ್ತಿದ್ದರು.

ಮೊದಲ ಆರು ವಾರ ಗಂಜಿ, ಅಂಬಲಿ, ನುಣ್ಣಗೆ ಕಲಸಿದ ಅನ್ನ. ನೀರು ಕುಡಿದರೂ ಎದೆಯಲ್ಲಿ ಒಂದು ಕ್ಷಣ ನಿಂತು ಇಳಿಯುತ್ತಿತ್ತು. ಆಮೇಲೆ ಒಂದು ಬೆಳಗ್ಗೆ ಮೂರು ದಿಂಬು ತೆಗೆದು ಅಟ್ಟಕ್ಕೆ ಎಸೆದೆ. ಬಾಗಿಲ ಮುಂದೆ ಬಗ್ಗಿ, ಎಂಟು ವರ್ಷದ ಬಾಕಿಯೆಲ್ಲ ತೀರುವ ಹಾಗೆ, ರಸ್ತೆಯವರೆಗೆ ರಂಗೋಲಿ ಹಾಕಿದೆ. ಹಾಲಿನವನು ಸೈಕಲ್ಲು ಎಲ್ಲಿ ನಿಲ್ಲಿಸಲಿ ಎಂದು ಕೇಳಿದ. ಗಾಂಧಿಬಜಾರಿನವರೆಗೆ ನಡೆದುಹೋಗಿ ನಿಂತುಕೊಂಡೇ ಒಂದು ಕಾಫಿ ಕುಡಿದೆ. ಒಳಗಿಂದ ಏನೂ ಮೇಲೆ ಬರಲಿಲ್ಲ. ನನಗೆ ಅಳು ಬಂತು, ಬಂದರೆ ಬರಲಿ ಎಂದು ಅಲ್ಲೇ ಅತ್ತುಬಿಟ್ಟೆ. ಎಷ್ಟು ಖುಷಿಯಾಗಿತ್ತು ಎಂದು ಹೇಳಲಾರೆ.

ಎಲ್ಲವೂ ಸುಖವಾಗಿತ್ತು ಅಂದರೆ ಸುಳ್ಳಾಗುತ್ತದೆ. ಮೇಲಿನ ದಾರಿ ಮುಚ್ಚಿದ ಮೇಲೆ ಗಾಳಿ ಕೆಳಗಿನ ದಾರಿ ಹಿಡಿಯಿತು. ಲೆಕ್ಕದ ಕ್ಲಾಸಿನಲ್ಲಿ ಮಕ್ಕಳಿಗೆ ನಗಲು ಇನ್ನೊಂದು ಕಾರಣ ಸಿಕ್ಕಿತು. ನಗಲಿ ಬಿಡಿ, ಮಗ್ಗಿ ಬಂದರೆ ಸಾಕು ನನಗೆ. ಆದರೆ ಸರ್ಜನ್ ಹೇಳಿದ್ದ ಆ ಎರಡು ಮಾತಿನ ನಿಜವಾದ ಅರ್ಥ ತಿಳಿದದ್ದು ಒಂದು ವರ್ಷದ ಮೇಲೆ, ಅತ್ತೆಯ ಮನೆಯ ಸತ್ಯನಾರಾಯಣ ಪೂಜೆಯ ಊಟದಲ್ಲಿ.

ಅತ್ತೆಯ ಬಡಿಸುವಿಕೆಗೆ ಒಂದು ನಿಯಮವಿತ್ತು. ಎಲೆಯ ಮುಂದೆ ಕೂತವರು ತೇಗುವವರೆಗೂ ಕೈ ನಿಲ್ಲಬಾರದು. ನಮ್ಮ ಕಡೆ ‘ಸಾಕು’ ಅನ್ನುವುದು ಮಾತೇ ಅಲ್ಲ, ಮರ್ಯಾದೆ. ಸಾಕು ಅಂದರೆ ಇನ್ನೆರಡು ಎಂದು ಅರ್ಥ. ಎಲೆಗೆ ಕೈ ಅಡ್ಡ ಹಿಡಿದರೆ ಬೆರಳಿನ ಸಂದಿಯಲ್ಲಿ ತುಪ್ಪ ಸುರಿಯುತ್ತಾರೆ. ಹೊಟ್ಟೆ ತುಂಬಿದ್ದಕ್ಕೆ ಅವರು ಒಪ್ಪುತ್ತಿದ್ದ ಸಾಕ್ಷಿ ಒಂದೇ, ತೇಗು. ಪಂಕ್ತಿಯ ಆ ತುದಿಯಲ್ಲಿ ಯಾರೋ ತೇಗಿದರೆ ಈ ತುದಿಯಲ್ಲಿ ಅವರ ಮುಖ ಅರಳುತ್ತಿತ್ತು. ಮೊದಲೆಲ್ಲ ನಾನು ಕೂತ ತಕ್ಷಣ ತೇಗುತ್ತಿದ್ದೆ. ಆದ್ದರಿಂದ ನನಗೆ ಬಡಿಸಿದ ತೃಪ್ತಿ ಅವರಿಗೆ ಯಾವತ್ತೂ ಸಿಕ್ಕಿರಲಿಲ್ಲ. ಆವತ್ತು ಸಿಕ್ಕಿತು.

ಎರಡು ಒಬ್ಬಟ್ಟು ಆಯಿತು. ನಾನು ತೇಗಲಿಲ್ಲ. ಮೂರನೆಯದು ಬಂತು. ಚಿತ್ರಾನ್ನ ಇನ್ನೊಮ್ಮೆ, ಪಾಯಸ ಇನ್ನೊಮ್ಮೆ. ನನ್ನ ತಪ್ಪೂ ಇತ್ತು, ಎಂಟು ವರ್ಷ ಒಬ್ಬಟ್ಟಿನ ಮುಖ ನೋಡದವಳು ನಾನು, ನಾಲಿಗೆ ಕೇಳಲಿಲ್ಲ. ನಾಲ್ಕನೆಯದಕ್ಕೆ ಹೊಟ್ಟೆ ತಮಟೆಯ ಹಾಗೆ ಬಿಗಿಯಿತು. ಪಕ್ಕದ ಎಲೆಯಲ್ಲಿದ್ದ ತಮ್ಮ ನನ್ನ ಮುಖ ನೋಡಿ ಊಟ ಬಿಟ್ಟು ಎದ್ದ.

“ತೇಗು ಸಿಕ್ಕಿಹಾಕ್ಕೊಂಡಿದೆ, ಅಷ್ಟೇ” ಅಂದರು ಅತ್ತೆ. ಬೀದಿ ಕೊನೆಯ ಅಂಗಡಿಯಿಂದ ಗೋಲಿ ಸೋಡಾ ತರಿಸಿದರು.

ಲೆಕ್ಕದ ಮೇಷ್ಟರು ಮಾಡಿದ ತಪ್ಪು ಕೇಳಿ. ಹುಟ್ಟಿದಾಗಿನಿಂದ ಹೊಟ್ಟೆ ಉಬ್ಬಿದರೆ ಸೋಡಾ, ಸೋಡಾ ಕುಡಿದರೆ ತೇಗು, ತೇಗಿದರೆ ಆರಾಮ. ಕೈ ತಾನಾಗಿ ಬಾಟಲಿ ಹಿಡಿಯಿತು, ಬಾಯಿ ಕುಡಿಯಿತು. ಒಳಗೆ ಹೋದ ಗಾಳಿ ಹೊರಗೆ ಬರಲು ದಾರಿಯಿಲ್ಲ ಎಂಬ ಒಂದನೇ ಕ್ಲಾಸಿನ ಲೆಕ್ಕ ನೆನಪಾದದ್ದು ಬಾಟಲಿ ಖಾಲಿಯಾದ ಮೇಲೆ. ಆಮೇಲಿನ ಒಂದು ಗಂಟೆ ನನ್ನ ಶತ್ರುವಿಗೂ ಬೇಡ. ವಾಂತಿ ಬರುವ ಹಾಗೆ ಹೊಟ್ಟೆ ಕಿವುಚುತ್ತದೆ, ಏನೂ ಬರುವುದಿಲ್ಲ. ಕಣ್ಣಿಗೆ ಕತ್ತಲೆ. ಸತ್ತೇಹೋಗುತ್ತೇನೆ ಅಂದುಕೊಂಡೆ. ತಮ್ಮ ಆಟೋ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದ. ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿದರು. ಪಂಕ್ಚರಾದ ಸೈಕಲ್ ಟ್ಯೂಬಿನ ಹಾಗೆ ಗಾಳಿ ಹೊರಟಿತು.

ಹಿಂದೆಯೇ ಇನ್ನೊಂದು ಆಟೋದಲ್ಲಿ ಬಂದ ಅತ್ತೆ ಮಂಚದ ಪಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು. “ಕೊಯ್ಯಿಸ್ಕೋಬೇಡ ಅಂತ ಬಡ್ಕೊಂಡೆ. ನೋಡು, ಆಪರೇಷನ್ ಕೆಟ್ಟುಹೋಗಿದೆ.”

ಮೂಗಿನಲ್ಲಿ ಕೊಳವೆ ಇದ್ದರೂ ನಾನು ಸುಮ್ಮನಿರಲಿಲ್ಲ. “ಕೆಟ್ಟಿದ್ದು ಆಪರೇಷನ್ ಅಲ್ಲ ಅತ್ತೆ. ಕಟ್ಟು ಗಟ್ಟಿಯಾಗಿರೋದಕ್ಕೇ ನಿಮ್ಮ ನಾಲ್ಕು ಒಬ್ಬಟ್ಟೂ ಒಳಗೇ ಇದೆ.”

ನರ್ಸು ನಕ್ಕುಬಿಟ್ಟಳು. ಅತ್ತೆ ನನ್ನೊಡನೆ ಎರಡು ತಿಂಗಳು ಮಾತು ಬಿಟ್ಟರು.

ಅಲ್ಲಿಂದಾಚೆಗೆ ಯಾರ ಮನೆಗೆ ಊಟಕ್ಕೆ ಹೋದರೂ ಎಲೆಯ ಮುಂದೆ ಕೂರುವ ಮೊದಲೇ ಹೇಳುತ್ತಿದ್ದೆ. “ನನಗೆ ತೇಗು ಬರಲ್ಲ. ಅದಕ್ಕೆ ಕಾಯಬೇಡಿ. ಸಾಕು ಅಂದ್ರೆ ಸಾಕು.” ಕೆಲವರು ಮುಖ ಗಂಟು ಹಾಕಿಕೊಂಡರು, ಹೆಂಗಸು ಇಷ್ಟು ಬಿಚ್ಚಿ ಮಾತಾಡಬಾರದು ಎಂದು. ಇರಲಿ. ಸಣ್ಣ ಸಣ್ಣ ತುತ್ತು, ಚೆನ್ನಾಗಿ ಅಗಿದು, ಪಂಕ್ತಿಯಲ್ಲಿ ಎಲ್ಲರಿಗಿಂತ ಕೊನೆಗೆ ಮುಗಿಸುತ್ತಿದ್ದೆ. ಹಿರಿಯರು ಕೈ ಒಣಗಿಸಿಕೊಂಡು ಕಾಯುತ್ತಿದ್ದರು. ನಾನು ಅವಸರ ಮಾಡಲಿಲ್ಲ. ಅಷ್ಟೇ ಅಲ್ಲ, ಆಪರೇಷನ್ನಿನ ಬಗ್ಗೆ ಡಂಗುರ ಸಾರಿದೆ. ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಹೂವಿನವಳ ಹತ್ತಿರ. ಬ್ರಹ್ಮಾಸ್ತ್ರ, ಒಂದೇ ಏಟಿಗೆ ವಾಸಿ, ಒಂದು ಮಾತ್ರೆಯಿಲ್ಲ ಈಗ. ಇದನ್ನು ಎಲ್ಲರಿಗಿಂತ ಹೆಚ್ಚು ಸಲ ಕೇಳಿಸಿಕೊಂಡವನು ನನ್ನ ತಮ್ಮ.

ಹತ್ತು ವರ್ಷ ಹಾಗೆ ಕಳೆಯಿತು. ಒಂದು ಮಧ್ಯಾಹ್ನ ಏಳನೇ ಕ್ಲಾಸಿನಲ್ಲಿ ಸರಳಬಡ್ಡಿ ಹೇಳಿಕೊಡುತ್ತಿದ್ದಾಗ ಒಂದು ತೇಗು ಬಂತು. ಸಣ್ಣದು. ಮಕ್ಕಳಿಗೆ ಗೊತ್ತೂ ಆಗಲಿಲ್ಲ. ನಾನು ಮಾತ್ರ ಬೋರ್ಡಿನ ಮುಂದೆ ಹಾಗೇ ನಿಂತುಬಿಟ್ಟೆ. ವಾರದೊಳಗೆ ಹುಳಿಯೂ ಬಂತು, ಮೊದಲಿನಷ್ಟಲ್ಲ, ಆದರೆ ಅದೇ ಹುಳಿ. ಸರ್ಜನ್ ಹತ್ತಿರ ಹೋದೆ. ಬಾಯಿಂದ ಕೊಳವೆ ಬಿಟ್ಟು ಒಳಗೆ ನೋಡಿದರು.

“ಕಟ್ಟು ಸ್ವಲ್ಪ ಸಡಿಲ ಆಗಿದೆ. ಹತ್ತು ವರ್ಷ ಆಯ್ತಲ್ಲಮ್ಮ” ಅಂದರು. “ದಿನಕ್ಕೊಂದು ಮಾತ್ರೆ ತಗೊಳ್ಳಿ. ಮತ್ತೆ ಬಿಗಿ ಮಾಡಬಹುದು, ಆದ್ರೆ ಎರಡನೇ ಸಲ ಮೊದಲಿನಷ್ಟು ಸಲೀಸಲ್ಲ. ಈಗ ಅದರ ಅಗತ್ಯವೂ ಇಲ್ಲ.”

ಒಂದು ಮಾತ್ರೆ. ಅದಕ್ಕೆ ಹುಳಿ ನಿಂತಿತು, ದನಿ ಚೆನ್ನಾಗಿಯೇ ಇತ್ತು, ನಾನು ಆಗಲೂ ಚಪ್ಪಟೆಯೇ ಮಲಗುತ್ತಿದ್ದೆ. ಆದರೆ ಡಂಗುರ ಸಾರಿದ್ದೆನಲ್ಲ. ಆ ಮಾತ್ರೆಯ ಪಟ್ಟಿಯನ್ನು ಸ್ಕೂಲಿನ ಬೀರುವಿನಲ್ಲಿ, ಕಾಂಪಾಸು ಪೆಟ್ಟಿಗೆಯೊಳಗೆ ಬಚ್ಚಿಟ್ಟು, ಬೆಳಗ್ಗೆ ಯಾರೂ ಇಲ್ಲದಾಗ ಕದ್ದು ನುಂಗತೊಡಗಿದೆ. ಅತ್ತೆಗೆ ಗೊತ್ತಾದರೆ ಎಂಬ ಹೆದರಿಕೆ ಒಂದು ಕಡೆ. ಇನ್ನೊಂದು, ಅದೇ ದೊಡ್ಡದು, ಆ ವರ್ಷ ತಮ್ಮನ ಸ್ಥಿತಿ.

ಅವನಿಗೆ ಊಟ ಎದೆಯಲ್ಲಿ ಸಿಕ್ಕಿಹಾಕಿಕೊಳ್ಳಲು ಶುರುವಾಗಿತ್ತು. ಇಪ್ಪತ್ತು ವರ್ಷದ ಹುಳಿ ಅವನ ಅನ್ನನಾಳವನ್ನು ಸುಟ್ಟು ಒಂದು ಕಡೆ ಕಿರಿದು ಮಾಡಿತ್ತು. ಚಪಾತಿಯ ಚೂರು ನಿಂತರೆ ಬಚ್ಚಲಿಗೆ ಓಡುತ್ತಿದ್ದ. ಪ್ಯಾಂಟು ಸಡಿಲವಾಗಿ ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡಿದ್ದ. ಮಾತ್ರೆ ನೆಟ್ಟಗೆ ತೆಗೆದುಕೊಳ್ಳುತ್ತಿರಲಿಲ್ಲ, ತೆಗೆದುಕೊಂಡರೂ ಪೂರ್ತಿ ಹಿಡಿತಕ್ಕೆ ಬರುತ್ತಿರಲಿಲ್ಲ. ಅದೇ ಸರ್ಜನ್ ಪರೀಕ್ಷೆ ಮಾಡಿ, ಮೊದಲು ಕಿರಿದಾದ ಜಾಗವನ್ನು ಹಿಗ್ಗಿಸೋಣ, ಆಮೇಲೆ ಇನ್ನೊಮ್ಮೆ ಸುಡದ ಹಾಗೆ ಆಪರೇಷನ್ ಮಾಡೋಣ ಅಂದಿದ್ದರು. ಅವನು ಸೂಜಿ ಕಂಡರೆ ಓಡುವ ಪ್ರಾಣಿ. ಆದರೂ ನನ್ನನ್ನು ನೋಡಿಕೊಂಡು ಧೈರ್ಯ ತಂದುಕೊಂಡ. “ಅಕ್ಕನಿಗೆ ಹತ್ತು ವರ್ಷದಿಂದ ಒಂದು ಮಾತ್ರೆ ಇಲ್ಲ” ಎಂದು ಹೆಂಡತಿಗೆ ಹೇಳುವುದನ್ನು ಮೆಟ್ಟಿಲ ಕೆಳಗೆ ನಿಂತು ನಾನೇ ಕೇಳಿಸಿಕೊಂಡೆ. ಆಪರೇಷನ್ನಿಗೆ ದಿನ ನಿಗದಿಯಾಯಿತು. ಅದೊಂದು ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದು ಬಾಯಿ ಮುಚ್ಚಿಕೊಂಡಿದ್ದೆ.

ನಮ್ಮ ರಸ್ತೆಯ ಮೆಡಿಕಲ್ ಸ್ಟೋರಿನವರಿಗೆ ಎಲ್ಲರ ಮನೆಯ ಸಂಸಾರವೂ ಗೊತ್ತು. ತಮ್ಮ ಒಂದು ಸಂಜೆ ತನ್ನ ಮಾತ್ರೆ ತರಲು ಹೋದ. ಅವರು ಉಪಕಾರ ಮಾಡುವವರ ಹಾಗೆ ಎರಡು ಪಟ್ಟಿ ಕವರಿಗೆ ಹಾಕಿ, “ಮೇಡಮ್ಮಂದೂ ಮುಗಿಯೋಕೆ ಬಂದಿರಬೇಕು ಸಾರ್, ಅದೂ ತಗೊಂಡ್ಹೋಗಿ, ಎರಡೂ ಒಂದೇ” ಅಂದರಂತೆ.

ನಾನು ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದೆ. ಅವನು ಬಂದು ಎರಡು ಪಟ್ಟಿಯನ್ನೂ ಮೊರದಲ್ಲಿ ಹಾಕಿದ.

“ಎಷ್ಟು ದಿನದಿಂದ?”

“ಎಂಟು ತಿಂಗಳಾಯ್ತು.”

“ಎಂಟು ತಿಂಗಳು. ನಾನು ಹೊಟ್ಟೆ ಕೊಯ್ಯಿಸ್ಕೊಳ್ಳೋಕೆ ಹೊರಟಿದೀನಿ ಅಂತ ಗೊತ್ತಿದ್ದೂ ಬಾಯಿ ಬಿಡಲಿಲ್ಲ ನೀನು. ಅತ್ತೆ ಹೇಳಿದ್ದೇ ಸರಿ, ಅದು ಫೇಲ್ ಆಗಿದೆ. ನಿನಗೆ ಒಪ್ಕೊಳ್ಳೋಕೆ ಜಂಬ ಅಡ್ಡ.”

“ಫೇಲ್ ಅಂದ್ರೆ ನಾಲಿಗೆ ಸೀಳ್ತೀನಿ” ಅಂದೆ. ಬೆಳೆದ ತಮ್ಮನಿಗೆ ಆಡುವ ಮಾತಲ್ಲ. ಆದರೆ ಮೈಯೆಲ್ಲ ಉರಿದುಹೋಯಿತು. “ಹತ್ತು ವರ್ಷ ನಾನು ಮಲಗಿದ ನಿದ್ದೆ ಸುಳ್ಳಾ? ಪಾಠ ಮಾಡಿದ ದನಿ ಸುಳ್ಳಾ?”

“ನೀನು ಹೇಳಿದ್ದು ಸುಳ್ಳು” ಅಂದ. ಮರುದಿನವೇ ಆಸ್ಪತ್ರೆಗೆ ಫೋನು ಮಾಡಿ ಆಪರೇಷನ್ ಬೇಡ ಅಂದುಬಿಟ್ಟ.

ಅತ್ತೆಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು ಬೇಕು? ಭಾನುವಾರ ಒಂದು ಡಬ್ಬಿ ನೆಲ್ಲಿಚಟ್ಟಿನ ಜೊತೆ ಬಂದಿಳಿದರು. ನನ್ನ ಕಡೆ ಒಮ್ಮೆ ನೋಡಿ ನೇರ ಮಹಡಿ ಹತ್ತಿದರು. ಗೆದ್ದವರು ಮಾತಾಡಬೇಕಾಗಿಲ್ಲ. ಮೂರು ವಾರ ತಮ್ಮ ಮೇಲೆ, ನಾನು ಕೆಳಗೆ, ಮಾತಿಲ್ಲ. ಅವನು ಬಚ್ಚಲಿಗೆ ಓಡುವ ಹೆಜ್ಜೆಯ ಸದ್ದು ಮಾತ್ರ ನನ್ನ ತಲೆಯ ಮೇಲೆ. ಮೊದಲು ಊಟದ ಹೊತ್ತಿಗೆ, ಆಮೇಲೆ ತಿಂಡಿಯ ಹೊತ್ತಿಗೂ. ಒಂದು ದಿನ ಮೊಸರನ್ನಕ್ಕೇ ಓಡಿದ. ನನ್ನ ಜಂಬಕ್ಕೆ ನನ್ನ ತಮ್ಮ ಹಸಿದು ಸಾಯುತ್ತಾನೆ ಅನ್ನಿಸಿತು.

ಮಹಡಿ ಹತ್ತಿ ಹೋದೆ. ಅವನು ಮುಂದಿನ ಕೋಣೆಯಲ್ಲಿ ಪೇಪರು ಹಿಡಿದು ಕೂತಿದ್ದ. ಕುರ್ಚಿ ಎಳೆದುಕೊಂಡು ಎದುರಿಗೇ ಕೂತೆ.

“ಕ್ಷಮಿಸು ಅಂತ ಕೇಳೋಕೆ ಬಂದಿಲ್ಲ. ಪೂರ್ತಿ ಹೇಳೋಕೆ ಬಂದಿದೀನಿ. ಮಧ್ಯ ಬಾಯಿ ಹಾಕಬೇಡ” ಅಂದೆ.

ಹೇಳಿದೆ. ಹತ್ತು ವರ್ಷದಲ್ಲಿ ಯಾರಿಗೂ ಹೇಳದ್ದನ್ನೆಲ್ಲ ಹೇಳಿದೆ. ಗ್ಯಾಸು ತಡೆಯಲಾರದೆ ಮದುವೆಮನೆಯಿಂದ ಧಾರೆಗೆ ಮುಂಚೆ ಎದ್ದು ಬಂದದ್ದು. ಸ್ಕೂಲ್ ಟೂರಿನಲ್ಲಿ ಹಳಸಿದ್ದು ತಿಂದು, ಮಕ್ಕಳೆಲ್ಲ ವಾಂತಿ ಮಾಡಿ ಆರಾಮಾದ ಮೇಲೆ ನಾನೊಬ್ಬಳೇ ಬಸ್ಸಿನ ಹಿಂದಿನ ಸೀಟಿನಲ್ಲಿ ಹೊಟ್ಟೆ ಹಿಡಿದುಕೊಂಡು ಒದ್ದಾಡಿದ್ದು. ರೊಟ್ಟಿಯನ್ನು ಇಂದಿಗೂ ನೀರಿಲ್ಲದೆ ನುಂಗಲಾಗದ್ದು. ಹೊಟ್ಟೆ ತುಂಬ ಒಂದೇ ಸಲ ಊಟ ಮಾಡುವ ಸುಖ ಮರೆತೇ ಹೋದದ್ದು. ಕಟ್ಟು ಸಡಿಲವಾದದ್ದು, ಇನ್ನೂ ಸಡಿಲವಾಗಬಹುದಾದದ್ದು, ಮತ್ತೆ ಹೊಲಿಸಬೇಕಾಗಿ ಬಂದರೆ ಅದು ಕಷ್ಟದ ಕೆಲಸ ಅನ್ನುವುದು, ಎಂಟು ತಿಂಗಳು ಮಾತ್ರೆಯನ್ನು ಕಳ್ಳಿಯ ಹಾಗೆ ನುಂಗಿದ್ದು.

ಅವನು ಪೇಪರು ಮಡಿಸಿ ಪಕ್ಕಕ್ಕಿಟ್ಟಿದ್ದ. “ಇಷ್ಟೆಲ್ಲ ಇಟ್ಕೊಂಡು ಬ್ರಹ್ಮಾಸ್ತ್ರ ಅಂತಿದ್ಯಲ್ಲ” ಅಂದ.

“ಅಂತಿದ್ದೆ. ಅತ್ತೆ ಕೆಟ್ಟುಹೋಗಿದೆ ಅಂದ್ರಲ್ಲ, ಅದಕ್ಕೇ ಅಂತಿದ್ದೆ. ಅವರು ಒಂದು ಕಡೆ ಎಳೆದ್ರು, ನಾನು ಇನ್ನೊಂದು ಕಡೆ ಎಳೆದೆ. ನಿಜ ಹೇಳೋಕೆ ಜಾಗವೇ ಇರಲಿಲ್ಲ.”

“ಈಗ, ಇದೆಲ್ಲ ಗೊತ್ತಿದ್ದು, ಮತ್ತೆ ಮೊದಲಿನಿಂದ ಅಂದ್ರೆ ಮಾಡಿಸ್ಕೊಳ್ತೀಯಾ?”

“ನಾಳೆ ಬೆಳಗ್ಗೆ ಮಾಡಿಸ್ಕೊಳ್ತೀನಿ” ಅಂದೆ. ಯೋಚಿಸಲೇ ಇಲ್ಲ. “ಆದ್ರೆ ಅದು ನನ್ನ ಹೊಟ್ಟೆ. ನಿನ್ನ ಹೊಟ್ಟೆಗೆ ನಾನು ಜಾಮೀನು ನಿಲ್ಲಲ್ಲ.”

ಅವನ ಹೆಂಡತಿ ಕಾಫಿ ತಂದಿಟ್ಟಳು. ಅವನು ತನ್ನ ಲೋಟವನ್ನು ಮುಟ್ಟದೆ ನನ್ನ ಕಡೆಗೆ ಸರಿಸಿದ. ಎರಡೂ ನಾನೇ ಕುಡಿದು ಕೆಳಗಿಳಿದು ಬಂದೆ.

ನಾಲ್ಕು ದಿನ ಕಳೆದ ಮೇಲೆ ಅವನು ಕೆಳಗೆ ಬಂದು, ನಾಳೆ ರಜ ಹಾಕಿ ನನ್ನ ಜೊತೆ ಬಾ ಎಂದಷ್ಟೇ ಹೇಳಿದ. ಹೋದೆವು. ಸರ್ಜನ್ನಿಗೆ ವಯಸ್ಸಾಗಿತ್ತು, ಮಾತು ಮೊದಲಿಗಿಂತಲೂ ಕಡಿಮೆ. ಅವರು ಫೈಲು ತಿರುವಿ, ಕನ್ನಡಕದ ಮೇಲಿಂದ ಅವನನ್ನು ನೋಡಿದರು.

“ಒಂದು ಸಲ ಬೇಡ ಅಂದವರು ನೀವು. ಈಗ ಬಂದಿದೀರ. ಆಪರೇಷನ್ ಟೇಬಲ್ ಹತ್ರ ಮತ್ತೆ ಮನಸ್ಸು ಬದಲಾಯಿಸಬಾರದು. ಯಾರನ್ನ ಕೇಳಿ ನಿರ್ಧಾರ ಮಾಡಿದ್ರಿ?”

“ನಮ್ಮಕ್ಕನ್ನ” ಅಂದ ತಮ್ಮ.

“ಅವರಿಗೇ ಮತ್ತೆ ಮಾತ್ರೆ ಶುರು ಮಾಡಿದೀನಲ್ಲ. ಹೇಳಿದಾರಾ ನಿಮಗೆ?”

ನಾನು ನೆಲ ನೋಡಲಿಲ್ಲ. ನೇರವಾಗಿ ಸರ್ಜನ್ನಿನ ಮುಖವನ್ನೇ ನೋಡುತ್ತ ಕೂತೆ.

“ಹೇಳಿದಾಳೆ ಡಾಕ್ಟ್ರೇ” ಅಂದ. “ಪೂರ್ತಿ ವಾಸಿ ಆಗೋಯ್ತು ಅಂತ ಹತ್ತು ವರ್ಷ ಹೇಳಿದ್ಲು, ನನಗೆ ಒಳಗೊಳಗೇ ನಂಬಿಕೆ ಬರಲಿಲ್ಲ. ಆಗಿಲ್ಲ ಅಂದ ಮೇಲೆ ಬಂತು.”

ಅವನು ಫಾರಂ ಎಳೆದುಕೊಂಡು ಸಹಿ ಹಾಕಿದ. ಸಾಕ್ಷಿ ಎಂದಿದ್ದ ಗೆರೆಯ ಮೇಲೆ ಬೆರಳಿಟ್ಟು ಪೆನ್ನನ್ನು ನನ್ನ ಕೈಗೆ ಕೊಟ್ಟ.